ಹನುಮಂತ ಹಾರಿದ್ದು ಎಲ್ಲಿ?

ಪೆರ್ಲದ ನಮ್ಮ ಮನೆಯ ಟಿವಿಯಲ್ಲಿ ಆ ಆನಿಮೇಷನ್ ರಾಮಾಯಣವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಜಪಾನಿನ ಯುಗೊ ಸಾಕೊ ನಮ್ಮ ರಾಮ್ ಮೋಹನ್ ಅವರೊಡನೆ ರೂಪಿಸಿದ ಚಿತ್ರ ಅದು. ಹಿಂದಿ ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕೆಂದೂ ಇರಲಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ನೋಡುತ್ತ ಬೆಳಗು ಮಾಡಿದ ಮಕ್ಕಳಿಗೆ ಲಂಕೆಯ ದಾರಿಯನ್ನು ಯಾರು ಹೇಳಿಕೊಡಬೇಕು?

1992ರ ಆ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಮರಳಿದಾಗ ಅಣ್ಣನ ಮಗಳು ಕೇಳಿದಳು: "ಚಿಕ್ಕಪ್ಪಾ, ಬರೆದ ಚಿತ್ರ ಹಾರುವುದು ಹೇಗೆ?"

ಹಿಂದಿನ ಚಿತ್ರ ಅಕ್ಷಿಪಟದ ಮೇಲೆ ಅರೆಕ್ಷಣ ಉಳಿಯುವುದರಿಂದ ಎಂಬ ಉತ್ತರ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಅದು ತಪ್ಪು, ಎಷ್ಟು ಸಲ ಹೇಳಿದರೂ ಸಾಯದ ತಪ್ಪು! ಹಳೆಯ ಚಿತ್ರ ಉಳಿದಿದ್ದರೆ ಹೊಸದು ಅದರ ಮೇಲೆಯೇ ಬಿದ್ದು, ಒಂದೇ ಹಾಳೆಗೆ ಎರಡು ಸಲ ಅಚ್ಚು ಹಾಕಿದಂತೆ ಕಲಸಿಹೋಗಬೇಕಿತ್ತು. ಚಲನೆ ಮೂಡುವುದಂತೂ ಅದರಿಂದಲ್ಲ.

1912ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದರು. ನಡುವಿನ ಅಂತರ ಸೆಕೆಂಡಿನ ಸಾವಿರದಲ್ಲಿ 200 ಪಾಲಿನಷ್ಟಿದ್ದಾಗ ಎರಡು ಗೆರೆಗಳು ಬೇರೆಬೇರೆಯಾಗಿ ಕಂಡವು; 30ಕ್ಕೆ ಇಳಿದಾಗ ಒಟ್ಟಿಗೇ ಕಂಡವು. ಸುಮಾರು 60ರಲ್ಲಿ ಮಾತ್ರ ಒಂದೇ ಗೆರೆ ಸರಿದಂತೆ ಕಂಡಿತು. ಜಾತ್ರೆಯ ದೀಪಾಲಂಕಾರವೂ ಇದೇ: ಬಲ್ಬುಗಳು ಇದ್ದಲ್ಲೇ ಇರುತ್ತವೆ, ಬೆಳಕು ಓಡುತ್ತದೆ. ನಮ್ಮ ತೋಟಗಳಲ್ಲಿ ಅಡಿಕೆ ಕೊಯ್ಯುವವರು ನೆಲಕ್ಕಿಳಿಯದೆ ಮರದಿಂದ ಮರಕ್ಕೆ ದಾಟುವುದನ್ನು ನೆನೆಯಿರಿ. ಚಿತ್ರಕಾರ ಮರಗಳನ್ನಷ್ಟೇ ನೆಡುತ್ತಾನೆ, ದಾಟುವುದು ಮಿದುಳು.

ಆ ದಾಟುವ ಶಕ್ತಿ ಕಳೆದುಹೋದರೆ? ಮಿದುಳಿನ ಹಾನಿಯಿಂದ ಚಲನೆಯನ್ನು ಕಾಣಲಾಗದ ಮಹಿಳೆಯೊಬ್ಬರ ವರದಿ 1983ರಲ್ಲಿ ಪ್ರಕಟವಾಯಿತು. ಬಟ್ಟಲಿಗೆ ಸುರಿಯುವ ಚಹಾ ಆಕೆಗೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ಕಣ್ಣಿನಲ್ಲಿ ದೋಷವಿರಲಿಲ್ಲ.

ಕ್ಯಾಮೆರಾದ ಸಿನಿಮಾವೂ ಹೀಗೆಯೇ ಅಲ್ಲವೇ ಎನ್ನಬಹುದು. ಹೌದು. ಆದರೆ ಓಡುವ ಮನುಷ್ಯನನ್ನು ಕ್ಯಾಮೆರಾ ಹಿಡಿದಾಗ ಪ್ರತಿ ಚೌಕಟ್ಟಿನಲ್ಲೂ ಓಟದ ಮಸುಕು ಅಂಟಿಕೊಳ್ಳುತ್ತದೆ, ಅದು ಮಿದುಳಿಗೆ ಸುಳಿವು. ಕೈಯಿಂದ ಬರೆದ ಚಿತ್ರದ ಗೆರೆಗಳು ಸಾಮಾನ್ಯವಾಗಿ ಚೂಪು. ಸೆಕೆಂಡಿಗೆ 24 ಚೌಕಟ್ಟು ಓಡಿದರೂ ಒಂದೇ ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಹಿಡಿಯುವುದು ರೂಢಿ. ಆಗ ಸಿಗುವುದು 12 ಚಿತ್ರ. ಉಳಿದುದನ್ನು ನೋಡುವ ಮಗುವೇ ತುಂಬಬೇಕು. ಇಷ್ಟು ವರ್ಷವಾದರೂ ಆ ಚಿತ್ರ ನನ್ನದೆನಿಸುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ. ಅದರ ಅರ್ಧ ಕೆಲಸವನ್ನು ನಾನೇ ಮಾಡಿದ್ದೆ.

ಮಗು ಮೊಬೈಲಿನಲ್ಲಿ ಹನುಮಂತನನ್ನು ತಡೆದು ತಡೆದು ನೋಡಿದಳು. ಒಂದರಲ್ಲಿ ಬೆಟ್ಟದ ಮೇಲೆ, ಇನ್ನೊಂದರಲ್ಲಿ ಆಕಾಶದಲ್ಲಿ. ನಡುವೆ ಎಲ್ಲಿದ್ದ ಎಂದಳು. ಅವಳ ಹಣೆಯನ್ನು ಮುಟ್ಟಿ ತೋರಿಸಿದೆ.