ತಾನಾಗಿ ಹುಟ್ಟಿದ ಗಿಡ ಯಾವುದು? ಎಲೆಯ ಬುಡ ನೋಡಿ

ಪಾತಿಯಲ್ಲೋ ಕುಂಡದಲ್ಲೋ ಬಿತ್ತದೇ ಹುಟ್ಟಿದ ಗಿಡಕ್ಕೆ ಎಲೆ ನೋಡಿದ ಕೂಡಲೇ ಹೆಸರಿಡಬೇಡಿ. ಮೊಳಕೆಯ ಮೊದಲ ಎರಡು ಎಲೆ ಸಾಮಾನ್ಯವಾಗಿ ಬೀಜದಳಗಳು; ಮುಂದೆ ಬರುವ ಎಲೆಗಳಿಗೂ ಅವಕ್ಕೂ ಹೋಲಿಕೆ ಕಡಿಮೆ. ನಾಲ್ಕಾರು ನಿಜವಾದ ಎಲೆ ಬರಲಿ. ಒಂದೇ ಬಗೆಯವು ಹತ್ತು ಹುಟ್ಟಿದ್ದರೆ ಎರಡನ್ನು ಉಳಿಸಿ, ಮಿಕ್ಕವನ್ನು ಕೀಳಿ.

ಎಲೆಯೋ, ಕಿರುಎಲೆಯೋ?

ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಒಂದೇ ಎಲೆ ಹಲವು ತುಣುಕುಗಳಾಗಿ ಒಡೆದಿದ್ದರೆ ಅದರ ಒಂದೊಂದು ತುಣುಕೂ ಕಿರುಎಲೆ. ನೆಲನೆಲ್ಲಿಯ ಕಡ್ಡಿಯೂ ಹುಣಸೆ ಸಸಿಯ ಎಲೆಯೂ ದೂರಕ್ಕೆ ಒಂದೇ ಥರ: ನಡುವೆ ಒಂದು ಕಡ್ಡಿ, ಎರಡೂ ಕಡೆ ಪುಟ್ಟ ಎಲೆಗಳ ಸಾಲು. ವ್ಯತ್ಯಾಸ ಇರುವುದು ಎಲೆಯ ಕಂಕುಳಲ್ಲಿ. ಎಲೆ ಕಾಂಡಕ್ಕೆ ಸೇರುವ ಕಡೆ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ನೆಲನೆಲ್ಲಿಯ ಕಡ್ಡಿಯನ್ನು ಮಗುಚಿ ನೋಡಿ: ಪುಟ್ಟ ಎಲೆಗಳ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಾಯಿಗಳು ಸಾಲಾಗಿ ತೂಗುತ್ತವೆ. ಹಾಗಾಗಿ ಅವು ಪೂರ್ಣ ಎಲೆಗಳು, ಕಡ್ಡಿಯೇ ಒಂದು ರೆಂಬೆ. ಹುಣಸೆಯಲ್ಲಿ ಮೊಗ್ಗು ಸಿಗುವುದು ಇಡೀ ಕಡ್ಡಿಯ ಬುಡದಲ್ಲಿ ಮಾತ್ರ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನೆಲನೆಲ್ಲಿಯಲ್ಲಿ ಯಾವ ಬಗೆ ಎಂದೂ ಗುರುತಿಸಬಹುದು. ಕಾಯಿ ನುಣುಪಾಗಿ, ಸಣ್ಣ ತೊಟ್ಟಿನಿಂದ ತೂಗಿದರೆ ಫಿಲಾಂಥಸ್ ಅಮಾರಸ್. ಮೈ ತರಿತರಿಯಾಗಿ, ತೊಟ್ಟೇ ಇಲ್ಲದಂತೆ ಕಡ್ಡಿಗೆ ಅಂಟಿದ್ದರೆ ಫಿಲಾಂಥಸ್ ಯುರಿನೇರಿಯಾ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಸಾಕು.

ಹಾಲು ಬರುತ್ತದೆಯೇ?

ನೆಲಕ್ಕೆ ಹಬ್ಬಿದ ಕೆಂಪು ಕಾಂಡದ ಗಿಡವೆಲ್ಲ ಗೋಣಿ ಸೊಪ್ಪಲ್ಲ. ಒಂದು ಎಲೆ ಮುರಿಯಿರಿ. ಗೋಣಿ ಸೊಪ್ಪಿನ ದಪ್ಪ ಎಲೆಯಿಂದ ಬರುವುದು ತಿಳಿನೀರಿನಂಥ ರಸ. ಬಿಳಿ ಹಾಲು ಒಸರಿದರೆ ಅದು ಯುಫೋರ್ಬಿಯಾ ಜಾತಿಯದು. ಅಡುಗೆಗೆ ಬೇಡ, ಆ ಕೈ ಕಣ್ಣಿಗೂ ತಾಗಬಾರದು.

ತಿನ್ನುವ ಮುನ್ನ

ಗಣಿಕೆ ಸೊಪ್ಪು ಮತ್ತು ಉಮ್ಮತ್ತಿ ಎರಡೂ ಬದನೆಯ ಕುಟುಂಬದವು. ಎಳೆಯ ಸಸಿಯಲ್ಲಿ ಗುರುತು ತಪ್ಪುವುದು ಸುಲಭ. ಉಮ್ಮತ್ತಿಯ ಎಲ್ಲ ಭಾಗವೂ ವಿಷ. ಗಣಿಕೆಯಲ್ಲಿ ಚಿಕ್ಕ ಬಿಳಿ ಹೂಗಳು ಗೊಂಚಲಾಗಿ ಬರುತ್ತವೆ, ನಡುವೆ ಹಳದಿ ಕೇಸರ, ಬಳಿಕ ಗುಂಡು ಹಣ್ಣು. ಉಮ್ಮತ್ತಿಯದು ಕಹಳೆಯಾಕಾರದ ದೊಡ್ಡ ಒಂಟಿ ಹೂ, ಮುಳ್ಳುಕಾಯಿ. ಹೂ, ಕಾಯಿ ಎರಡನ್ನೂ ನೋಡದೆ ಸೊಪ್ಪನ್ನು ಪಾತ್ರೆಗೆ ಹಾಕಬೇಡಿ.

ಹೂವಿಗೆ ಕಾಯಲೇಬಾರದ ಗಿಡ ಪಾರ್ಥೇನಿಯಂ. ಸೇವಂತಿಗೆ ನೆಡದ ಪಾತಿಯಲ್ಲಿ ಸೇವಂತಿಗೆಯಂಥ ಸೀಳೆಲೆಗಳು ಚಕ್ರದಂತೆ ನೆಲಕ್ಕೆ ಅಂಟಿಕೊಂಡಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಮುಟ್ಟಿದರೆ ಚರ್ಮಕ್ಕೆ ತುರಿಕೆ ಬರಬಹುದು. ಕೈಗವಸು ಹಾಕಿ, ಬೇರುಸಮೇತ ಕೀಳಿ.

ಬಲ್ಲವರನ್ನು ಕೇಳುವುದಾದರೆ

ಒಂದು ಎಲೆಯ ಫೋಟೋ ತೋರಿಸಿದರೆ ಮೊಬೈಲ್ ಆ್ಯಪ್ ಮಾತ್ರವಲ್ಲ, ಬಲ್ಲವರೂ ತಪ್ಪುತ್ತಾರೆ. ಇಡೀ ಗಿಡ, ಎಲೆಯ ಎರಡೂ ಮೈ, ಎಲೆ ಕಾಂಡಕ್ಕೆ ಸೇರುವ ಗೆಣ್ಣು, ಹೂವಿನ ಮುಂಭಾಗ ಮತ್ತು ಪಕ್ಕ, ಅಡ್ಡ ಕತ್ತರಿಸಿದ ಕಾಯಿ, ಇವಿಷ್ಟೂ ಬೇಕು. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಿ. ವಾಸನೆ, ಹಾಲಿನ ಬಣ್ಣ, ಬೇರು ಗೆಡ್ಡೆಯೋ ನಾರೋ ಎಂಬುದು ಫೋಟೋದಲ್ಲಿ ಬರುವುದಿಲ್ಲ, ಬರೆದೇ ತಿಳಿಸಬೇಕು.