ಗೆರೆ ನಡುಗದಿದ್ದರೆ ಅನುಮಾನ ಪಡಿ

ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿರುವ ನಮ್ಮ ಕನ್ನಡದ ಹುಡುಗರು ಡೊಂಬಿವಲಿ ಲೋಕಲ್‌ನಲ್ಲಿ ಸಿಕ್ಕಾಗ ಒಂದೇ ಗೋಳು. ಪರದೆ ತುಂಬ ಅಲಾರಂ. ಯಾವುದು ಪ್ಲಾಂಟಿನ ತೊಂದರೆ, ಯಾವುದು ಮೀಟರಿನ ತೊಂದರೆ ಗೊತ್ತಾಗುವುದಿಲ್ಲ.

ಈ ಗೋಜಲು ಹಳೆಯದು. ತ್ರಾಂಬೆಯ ರಿಫೈನರಿಗಳು ಶುರುವಾದ 1954-55ರ ಕಾಲಕ್ಕೆ ಮೀಟರಿನಿಂದ ಕಂಟ್ರೋಲ್ ರೂಮಿಗೆ ಗಾಳಿಯೇ ಸಿಗ್ನಲ್, ಒತ್ತಡ 3ರಿಂದ 15 ಪಿಎಸ್‌ಐ. ಆಮೇಲೆ 4ರಿಂದ 20 ಮಿಲಿಆಂಪ್ ಕರೆಂಟು ಬಂತು, 1975ರ ನಂತರ ಕಂಪ್ಯೂಟರ್ ಕಂಟ್ರೋಲ್.

ಸೊನ್ನೆ ಬಿಟ್ಟು ನಾಲ್ಕರಿಂದ ಯಾಕೆ ಶುರು? ಟ್ಯಾಂಕ್ ಖಾಲಿಯಿದ್ದರೂ 4 ಬರಬೇಕು. ಸೊನ್ನೆ ಬಂದರೆ ತಂತಿ ತುಂಡಾಗಿದೆ. ಜಾಣತನ ಅಲ್ವಾ? 1994ರಲ್ಲಿ ಇಂಥ ಸಾಧನ ಬಳಸುವ ಕಂಪನಿಗಳ ಜರ್ಮನಿಯ ನಾಮುರ್ ಸಂಘ ಇನ್ನೊಂದು ಗೆರೆ ಎಳೆಯಿತು. 3.6ಕ್ಕೆ ಇಳಿದರೆ ಅಥವಾ 21ಕ್ಕೆ ಏರಿದರೆ ಟ್ರಾನ್ಸ್‌ಮಿಟರ್, ಅಂದರೆ ಅಳೆದು ಸಿಗ್ನಲ್ ಕಳಿಸುವ ಮೀಟರ್, ಕೆಟ್ಟಿದೆ ಎಂದರ್ಥ.

ಸತ್ತ ಮೀಟರ್ ಹೀಗೆ ಸಿಕ್ಕಿಬೀಳುತ್ತದೆ. ಸುಳ್ಳು ಹೇಳುವ ಮೀಟರ್ ತಪ್ಪಿಸಿಕೊಳ್ಳುತ್ತದೆ. ಮುಂಬೈ ಮಳೆಗೆ ತಂತಿಗಳು ಕೂಡುವ ಜಂಕ್ಷನ್ ಬಾಕ್ಸಿನೊಳಗೆ ನೀರು ಇಳಿದರೆ ಟರ್ಮಿನಲ್‌ಗಳ ನಡುವೆ ಕರೆಂಟು ಸೋರುತ್ತದೆ. ಟ್ರಾನ್ಸ್‌ಮಿಟರ್ 12 ಕಳಿಸಿದರೆ ಕಂಟ್ರೋಲ್ ರೂಮಿನಲ್ಲಿ 12.6 ಕಾಣಬಹುದು. ಇನ್ನೂ ತಮಾಷೆ ಎಂದರೆ, ಅದು ಕೆಟ್ಟುಹೋಗಿ 3.6 ಎಂದು ಕೂಗಿದರೂ ಸೋರಿದ್ದು ಸೇರಿ 4.2 ಆಗಿ ಮುಟ್ಟುತ್ತದೆ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಅಂದುಕೊಂಡು ಸುಮ್ನೆ ಕೂರುತ್ತೇವೆ.

ಪ್ಲಾಂಟಿನ ಒತ್ತಡವನ್ನು ಮೀಟರಿಗೆ ಮುಟ್ಟಿಸುವ ಸಣ್ಣ ಕೊಳವೆ, ಇಂಪಲ್ಸ್ ಲೈನ್, ಕಟ್ಟಿಕೊಂಡರೆ ಒತ್ತಡ ಒಳಗೇ ಸಿಕ್ಕಿಬಿದ್ದು ರೀಡಿಂಗ್ ನೇರ ಗೆರೆಯಾಗುತ್ತದೆ. ಚಾರ್ಟ್ ಕಾಗದದ ಕಾಲದ ಹಳಬರು ಇದನ್ನು ಕಣ್ಣಲ್ಲೇ ಹಿಡಿಯುತ್ತಿದ್ದರು. ಪಂಪು ಓಡುತ್ತಿದ್ದರೆ ಗೆರೆ ಒಂದಿಷ್ಟು ನಡುಗಲೇಬೇಕು. ಕೆಲವು ಹೊಸ ಟ್ರಾನ್ಸ್‌ಮಿಟರ್‌ಗಳು ಆ ನಡುಕವನ್ನೇ ಲೆಕ್ಕ ಹಾಕಿ ಎಚ್ಚರಿಸುತ್ತವೆ. ಟ್ರೆಂಡ್ ನುಣ್ಣಗೆ ಕಾಣಲಿ ಎಂದು ಡ್ಯಾಂಪಿಂಗ್ (ಏರಿಳಿತ ತಗ್ಗಿಸುವ ಸೆಟ್ಟಿಂಗ್) ಜಾಸ್ತಿ ಇಡುವವರು ಮಾತ್ರ ಆ ನಡುಕವನ್ನೇ ಒರೆಸಿಬಿಡುತ್ತಾರೆ.

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯಲ್ಲಿ ಟವರ್ ಉಕ್ಕುವಷ್ಟು ತುಂಬಿತ್ತು. ಲೆವೆಲ್ ಇಳಿಯುತ್ತಿದೆ ಎಂದು ಪರದೆ ತೋರಿಸುತ್ತಿತ್ತು. ಸಂಖ್ಯೆ ಮಿತಿಯೊಳಗೇ ಇತ್ತು. 15 ಜನ ಸತ್ತರು.

2006ರಲ್ಲಿ ನಾಮುರ್ ಮತ್ತೊಂದು ಸಲಹೆ ಕೊಟ್ಟಿತು. ಕೆಟ್ಟಿದ್ದೇನೆ, ಪರೀಕ್ಷೆಯಲ್ಲಿದ್ದೇನೆ, ಮಿತಿ ದಾಟಿದ್ದೇನೆ, ರಿಪೇರಿ ಬೇಕು. ಈ ನಾಲ್ಕರಲ್ಲಿ ಯಾವುದೆಂದು ಸಾಧನವೇ ಹೇಳಬೇಕು. ಕರೆಂಟಿನ ಮೇಲೇ ಡಿಜಿಟಲ್ ಸಂದೇಶ ಕಳಿಸುವ ಹಾರ್ಟ್ (HART) ಎಂಬ ವ್ಯವಸ್ಥೆ ಇದ್ದರೆ ಆ ಮಾತು ಅದೇ ತಂತಿಯಲ್ಲಿ ಬರುತ್ತದೆ. ಆದರೆ ಅದನ್ನು ಓದಬಲ್ಲ ಇನ್‌ಪುಟ್ ಕಾರ್ಡಿಗೆ ದುಡ್ಡು ಜಾಸ್ತಿ, ಖರೀದಿ ಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಹಾಗಾಗಿ ಮಳೆಗೆ ಮುಂಚೆ, ಮೇ ಕೊನೆಗೆ ಸ್ಪ್ಯಾನರ್ ಹಿಡಿದು, ಒಂದೊಂದೇ ಬಾಕ್ಸು ತೆರೆದು, ತಂತಿ ಒಳಹೋಗುವ ಕಡೆಯ ಗ್ಲ್ಯಾಂಡ್ ಬಿಗಿ ಮಾಡುತ್ತಾ ಹೋಗುವ ಕೆಲಸ ಹುಡುಗರಿಗೆ ಇನ್ನೂ ತಪ್ಪಿಲ್ಲ.