ಅಳಿಸಿದ ಮೇಲೆ ಉಳಿಯುವುದು: ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ ಅಧ್ಯಯನ ಟಿಪ್ಪಣಿ

ತುಮಕೂರಿನ ನಮ್ಮ ಸಿನಿಮಾ ಗುಂಪಿನಲ್ಲಿ ಈ ಚಿತ್ರ ನೋಡಿ ಎದ್ದವರಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ಮೊದಲು ಆಗಿದ್ದು ಯಾವುದು, ಆಮೇಲೆ ಆಗಿದ್ದು ಯಾವುದು? ಚಿತ್ರಕಥೆ ಕಲಿಯುತ್ತಿರುವ ನಮ್ಮಂಥವರಿಗೆ ಆ ಪ್ರಶ್ನೆಯೇ ಒಳ್ಳೆಯ ಪಾಠ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಥೆಯ ಕೊನೆಯೂ ಇದರಲ್ಲಿದೆ, ನೋಡಿಲ್ಲದವರು ನೋಡಿ ಬಂದು ಓದಿ.

ಚಿತ್ರ ಬಂದದ್ದು 2004ರಲ್ಲಿ. ನಿರ್ದೇಶನ ಮಿಶೆಲ್ ಗೊಂಡ್ರಿ, ಚಿತ್ರಕಥೆ ಚಾರ್ಲಿ ಕಾಫ್‌ಮನ್. ಕಥೆ ಕಟ್ಟಿದ್ದರಲ್ಲಿ ಗೊಂಡ್ರಿ ಮತ್ತು ಪಿಯೆರ್ ಬಿಸ್ಮುತ್ ಅವರ ಪಾಲೂ ಇದೆ. ಸ್ವತಂತ್ರ ಚಿತ್ರಕಥೆಗಾಗಿ ಮೂವರಿಗೂ ಆಸ್ಕರ್ ಬಂತು. ಜೋಯೆಲ್ ಪಾತ್ರದಲ್ಲಿ ಜಿಮ್ ಕ್ಯಾರಿ, ಕ್ಲೆಮೆಂಟೈನ್ ಪಾತ್ರದಲ್ಲಿ ಕೇಟ್ ವಿನ್‌ಸ್ಲೆಟ್. ನಗಿಸುವುದಕ್ಕೇ ಹೆಸರಾಗಿದ್ದ ಕ್ಯಾರಿ ಇಲ್ಲಿ ಮೈಯನ್ನೆಲ್ಲ ಕುಗ್ಗಿಸಿಕೊಂಡು, ಮಾತು ನುಂಗಿಕೊಂಡು ನಟಿಸಿದ್ದಾರೆ. ಆ ಒಂದು ಕಾರಣಕ್ಕೂ ಚಿತ್ರ ನೋಡಬಹುದು.

ಕಥೆಯ ಕ್ರಮ

ಜಗಳವಾಡಿ ಬೇರೆಯಾದ ಮೇಲೆ ಕ್ಲೆಮೆಂಟೈನ್ ‘ಲಕ್ಯೂನಾ’ ಎಂಬ ಸಂಸ್ಥೆಗೆ ಹೋಗಿ ಜೋಯೆಲ್‌ನ ನೆನಪನ್ನೆಲ್ಲ ಅಳಿಸಿಸಿಕೊಳ್ಳುತ್ತಾಳೆ. ವಿಷಯ ಗೊತ್ತಾಗಿ ಅವನೂ ಅದೇ ಸಂಸ್ಥೆಯ ಬಾಗಿಲು ತಟ್ಟುತ್ತಾನೆ. ರಾತ್ರಿ ಅವನು ಮಲಗಿದ್ದಾಗ ಕೆಲಸದವರು ಮನೆಗೇ ಬಂದು ಅಳಿಸುತ್ತಾರೆ. ಬೆಳಗಾದರೆ ಪ್ರೇಮಿಗಳ ದಿನ. ಅವನು ಕೆಲಸಕ್ಕೆ ಹೋಗುವುದು ಬಿಟ್ಟು, ಯಾಕೆಂದು ತನಗೇ ತಿಳಿಯದೆ, ಮೊಂಟಾಕ್ ಎಂಬ ಕಡಲತೀರದ ಊರಿನ ರೈಲು ಹತ್ತುತ್ತಾನೆ. ಅಲ್ಲಿ ನೀಲಿ ಕೂದಲಿನ ಹುಡುಗಿಯೊಬ್ಬಳು ಕಣ್ಣಿಗೆ ಬೀಳುತ್ತಾಳೆ, ವಾಪಸು ಬರುವ ರೈಲಿನಲ್ಲಿ ಪರಿಚಯವಾಗುತ್ತದೆ. ಅವಳು ಕ್ಲೆಮೆಂಟೈನೇ.

ಚಿತ್ರ ಶುರುವಾಗುವುದು ಈ ಕೊನೆಯ ತುಂಡಿನಿಂದ. ಶೀರ್ಷಿಕೆಗಳು ಬರುವುದು ಕಾಲು ಗಂಟೆಯಾದ ಮೇಲೆ. ಅಷ್ಟರಲ್ಲಿ ನಾವು ಅದನ್ನು ಮೊದಲ ಭೇಟಿ ಎಂದೇ ನಂಬಿಬಿಟ್ಟಿರುತ್ತೇವೆ. ಆದರೆ ಸುಳಿವುಗಳನ್ನು ಕಣ್ಣೆದುರೇ ಇಟ್ಟಿದ್ದಾರೆ. ಅವನ ಕಾರಿಗೆ ಪೆಟ್ಟು ಬಿದ್ದಿದೆ, ಹೇಗೆಂದು ಅವನಿಗೆ ಗೊತ್ತಿಲ್ಲ. ದಿನಚರಿಯ ಹಾಳೆಗಳು ಹರಿದಿವೆ, ಹರಿದದ್ದು ನೆನಪಿಲ್ಲ. ಕಾಲ ಗೊಂದಲವಾದಾಗಲೆಲ್ಲ ಅವಳ ಕೂದಲ ಬಣ್ಣ ನೋಡಿ. ಮೊದಲ ಭೇಟಿಯಲ್ಲಿ ಹಸಿರು, ಪ್ರೀತಿ ಏರುತ್ತಿದ್ದಾಗ ಕೆಂಪು, ಹಳಸತೊಡಗಿದಾಗ ಕಿತ್ತಳೆ, ಅಳಿಸಿದ ಮೇಲೆ ನೀಲಿ.

ನನಗೆ ಬಹಳ ಮುಖ್ಯವೆನಿಸಿದ್ದು ಹೆಸರಿನ ಸುಳಿವು. ಅವಳ ಹೆಸರಿರುವ ಹಳೆಯ ಹಾಡೊಂದು ಅಮೆರಿಕದಲ್ಲಿ ಮಕ್ಕಳಿಗೂ ಗೊತ್ತು. ಹಕಲ್‌ಬೆರಿ ಹೌಂಡ್ ಎಂಬ ಕಾರ್ಟೂನ್ ನಾಯಿ ಅದನ್ನು ಹಾಡಿಕೊಂಡು ತಿರುಗುತ್ತದೆ. ಹೆಸರಿನ ಬಗ್ಗೆ ತಮಾಷೆ ಮಾಡಬೇಡ ಎಂದು ರೈಲಿನಲ್ಲಿ ಅವಳು ಎಚ್ಚರಿಸಿದರೆ, ತನಗೆ ಅಂಥ ತಮಾಷೆ ಯಾವುದೂ ಗೊತ್ತಿಲ್ಲ ಎನ್ನುತ್ತಾನೆ ಜೋಯೆಲ್. ನಿಜವಾದ ಮೊದಲ ಭೇಟಿಯಲ್ಲಿ ಅದೇ ಹಾಡು, ಅದೇ ನಾಯಿಯ ಮಾತು ತೆಗೆದವನು ಅವನೇ! ಅವಳನ್ನು ಅಳಿಸಲು ಹೋಗಿ ಅವನ ಬಾಲ್ಯದ ಚೂರೂ ಹೋಗಿದೆ.

ಇದನ್ನು ಬರೆದು ನೋಡಿ ಕಲಿಯಬಹುದು. ನಮ್ಮೂರ ಹತ್ತಿರ ಜಿಂಕೆವನವಿರುವ ನಾಮದ ಚಿಲುಮೆಯಲ್ಲಿ ಗೆಳತಿಯೊಂದಿಗೆ ಕಳೆದ ಒಂದು ಮಧ್ಯಾಹ್ನದ ಬಗ್ಗೆ ಒಂದು ಪುಟ ಬರೆಯಿರಿ. ಮೊದಲು ಅವಳು ಆಡಿದ ಮಾತುಗಳನ್ನು ಹೊಡೆದುಹಾಕಿ. ಆಮೇಲೆ ಅವಳಿಗೆ ನೀವು ಹೇಳಿದ್ದನ್ನು, ಆಮೇಲೆ ಅವಳು ಕೈತೋರಿದ್ದರಿಂದ ನೀವು ಕಂಡದ್ದನ್ನು ಹೊಡೆದುಹಾಕಿ. ಬೇಲಿಯಾಚೆಯ ಜಿಂಕೆಮರಿಯೂ ಅವಳ ಜೊತೆಗೇ ಹೋಗುತ್ತದೆ. ಒಬ್ಬರನ್ನು ಮಾತ್ರ ಕತ್ತರಿಸಿ ತೆಗೆಯಲು ಬರುವುದಿಲ್ಲ ಎನ್ನುವುದು ಆ ಪುಟದಲ್ಲೇ ಕಾಣುತ್ತದೆ.

ಹೊಸದರಿಂದ ಹಳೆಯದಕ್ಕೆ

ಲಕ್ಯೂನಾದವರು ಅಳಿಸುವುದು ಇತ್ತೀಚಿನ ನೆನಪಿನಿಂದ ಹಿಂದಕ್ಕೆ. ಇಡೀ ಚಿತ್ರದ ಜೀವ ಇರುವುದು ಈ ಒಂದು ನಿರ್ಧಾರದಲ್ಲಿ. ಮೊದಲು ಹೋಗುವುದು ಜಗಳ, ಚುಚ್ಚುಮಾತು, ಹೋಟೆಲಿನಲ್ಲಿ ಎದುರುಬದುರು ಕೂತು ಮಾತಿಲ್ಲದೆ ಉಂಡದ್ದು. ಹೋದರೆ ಹೋಗಲಿ ಎಂದೇ ನಮಗೂ ಅನಿಸುತ್ತದೆ. ಹಿಂದೆ ಸರಿದಂತೆಲ್ಲ ಒಳ್ಳೆಯ ದಿನಗಳು ಎದುರಾಗುತ್ತವೆ. ಹೆಪ್ಪುಗಟ್ಟಿದ ನದಿಯ ಮೇಲೆ ಇಬ್ಬರೂ ಅಂಗಾತ ಮಲಗಿದ ರಾತ್ರಿಯನ್ನು ಹೇಗೆ ಬಿಟ್ಟುಕೊಡುವುದು? ಜೋಯೆಲ್ ನಿದ್ದೆಯೊಳಗೇ ಬೇಡ ಎಂದು ಕೂಗುತ್ತಾನೆ. ಅವಳ ಕೈಹಿಡಿದು ಅವಳಿಲ್ಲದ ಬಾಲ್ಯದ ನೆನಪುಗಳೊಳಗೆ ಅಡಗಿಸಲು ಓಡುತ್ತಾನೆ. ಇದೇ ಕಥೆಯನ್ನು ಮೊದಲ ಭೇಟಿಯಿಂದ ಜಗಳದವರೆಗೆ ನೇರವಾಗಿ ಹೇಳಿದ್ದರೆ ಮುರಿದುಬಿದ್ದ ಇನ್ನೊಂದು ಪ್ರೇಮಕಥೆಯಾಗುತ್ತಿತ್ತು. ತಿರುಗಿಸಿ ಹೇಳಿದ್ದರಿಂದ ನಾವು ಕಹಿಯಿಂದ ಹೊರಟು ಪ್ರೀತಿಯ ಬುಡಕ್ಕೆ ತಲುಪುತ್ತೇವೆ, ಅದೂ ಅದು ಇಲ್ಲವಾಗುವ ಹೊತ್ತಿಗೆ.

ಮರೆವನ್ನು ಕಣ್ಣಿಗೆ ಕಾಣಿಸಿದ ರೀತಿ ಇನ್ನೊಂದು ದೊಡ್ಡ ಪಾಠ. ಪುಸ್ತಕದಂಗಡಿಯಲ್ಲಿ ಅವರು ಮಾತಾಡುತ್ತಿದ್ದಂತೆ ಹಿಂದಿನ ಪುಸ್ತಕಗಳ ಬೆನ್ನು ಬೆಳ್ಳಗಾಗುತ್ತಾ ಹೋಗುತ್ತದೆ. ದೀಪಗಳು ಆರುತ್ತವೆ, ಮುಖಗಳು ಅಳಿಸಿಹೋಗುತ್ತವೆ. ಅಡುಗೆಮನೆಯ ಮೇಜಿನ ಕೆಳಗೆ ಜೋಯೆಲ್ ಪುಟ್ಟ ಮಗುವಾಗಿ ಕೂತ ದೃಶ್ಯದಲ್ಲಿ ಕಂಪ್ಯೂಟರಿನ ಕೈಚಳಕಕ್ಕಿಂತ ಸೆಟ್‌ನ ಅಳತೆ, ಕ್ಯಾಮೆರಾದ ದೂರ ಮತ್ತು ಕೋನ ಕೆಲಸ ಮಾಡಿವೆ. ಗುಬ್ಬಿ ಕಂಪನಿಯ ಸೀನರಿಗಳ ಕಥೆ ಕೇಳಿ ಬೆಳೆದ ನಮ್ಮ ಜಿಲ್ಲೆಯವರಿಗೆ ಇದರ ರುಚಿ ಬೇಗ ಹತ್ತುತ್ತದೆ. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ವೀರಣ್ಣನವರಂತೆ ಗೊಂಡ್ರಿಯವರಿಗೂ ಚಮತ್ಕಾರ ನಟರ ಕಣ್ಣೆದುರೇ ನಡೆಯಬೇಕು. ನಟ ಬೆರಗಾದರೆ ನೋಡುವವನೂ ಬೆರಗಾಗುತ್ತಾನೆ.

ವಿಜ್ಞಾನದ ಕಡೆಯಿಂದ ಒಂದೇ ಮಾತು. 2000ದಲ್ಲಿ ಕರೀಂ ನಾಡೆರ್, ಗ್ಲೆನ್ ಶಾಫ್, ಜೋಸೆಫ್ ಲೆಡೂ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಗಟ್ಟಿಯಾಗಿ ಕೂತಿದ್ದ ಭಯದ ನೆನಪನ್ನು ಮತ್ತೆ ಕೆದಕಿ, ಆಗಲೇ ಮೆದುಳಿನಲ್ಲಿ ಪ್ರೋಟೀನ್ ತಯಾರಾಗದಂತೆ ತಡೆದರೆ ಆ ಭಯ ಕುಂದುತ್ತದೆ. ಕೆದಕದಿದ್ದರೆ ಕುಂದುವುದಿಲ್ಲ. ಚಿತ್ರದಲ್ಲೂ ಅಳಿಸುವ ಮುಂಚೆ ಅವಳಿಗೆ ಸಂಬಂಧಿಸಿದ ವಸ್ತುಗಳನ್ನೆಲ್ಲ ತರಿಸಿ, ಒಂದೊಂದನ್ನೇ ತೋರಿಸಿ ನೆನಪನ್ನು ಎಬ್ಬಿಸುತ್ತಾರೆ.

ಶಾಕುಂತಲದ ಪಕ್ಕದಲ್ಲಿಟ್ಟು

ಪದವಿಯಲ್ಲಿ ಶಾಕುಂತಲ ಓದಿದವರು ಐದನೆಯ ಅಂಕದ ಆರಂಭಕ್ಕೆ ಹೋಗಿ. ದೂರ್ವಾಸರ ಶಾಪದಿಂದ ದುಷ್ಯಂತ ಶಕುಂತಲೆಯನ್ನು ಮರೆತಿದ್ದಾನೆ. ಅವನ ರಾಣಿಯರಲ್ಲೊಬ್ಬಳಾದ ಹಂಸಪದಿಕೆಯ ಹಾಡು ಕಿವಿಗೆ ಬಿದ್ದದ್ದೇ ಅವನ ಮನಸ್ಸು ಕಾರಣವಿಲ್ಲದೆ ಕಲಕುತ್ತದೆ. ಹಿಂದಿನ ಜನ್ಮದ ಸ್ನೇಹ ಭಾವದಲ್ಲಿ ನೆಲೆನಿಂತಿರುತ್ತದೇನೋ ಎಂದುಕೊಳ್ಳುತ್ತಾನೆ. ಜೋಯೆಲ್ ಮೊಂಟಾಕ್ ರೈಲಿಗೆ ಓಡುವುದೂ ಇದೇ ಕಲಕಿನಲ್ಲಿ. ಸಂಗತಿ ಹೋಗಿದೆ, ಭಾವ ಉಳಿದಿದೆ.

ಆದರೆ ಮುಂದೆ ದಾರಿ ಬೇರೆಯಾಗುತ್ತದೆ. ದುಷ್ಯಂತನಿಗೆ ಮೀನಿನ ಹೊಟ್ಟೆಯಲ್ಲಿ ಸಿಕ್ಕ ಉಂಗುರ ನೆನಪನ್ನು ಮರಳಿ ಕೊಡುತ್ತದೆ. ಜೋಯೆಲ್‌ಗೆ ಸಿಗುವುದು ಕ್ಯಾಸೆಟ್. ಲಕ್ಯೂನಾದಲ್ಲಿ ಕೆಲಸಕ್ಕಿದ್ದ ಮೇರಿಗೆ, ಅಲ್ಲಿನ ಡಾಕ್ಟರನ್ನು ತಾನು ಪ್ರೀತಿಸಿದ್ದ ನೆನಪನ್ನೂ ಹೀಗೇ ಅಳಿಸಿದ್ದಾರೆಂದು ತಿಳಿಯುತ್ತದೆ. ಅವಳು ಎಲ್ಲರ ದಾಖಲೆಗಳನ್ನು ಅವರವರಿಗೆ ಅಂಚೆಯಲ್ಲಿ ಕಳಿಸುತ್ತಾಳೆ. ಆ ಕ್ಯಾಸೆಟ್‌ಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹೀನಾಯವಾಗಿ ಬೈದಿದ್ದಾರೆ. ದನಿ ತಮ್ಮದೇ, ಬೈದ ನೆನಪು ಮಾತ್ರ ಇಲ್ಲ. ದುಷ್ಯಂತನಿಗೆ ಉಂಗುರ ಪ್ರೀತಿಯ ಸಾಕ್ಷಿ ಹೇಳಿತು, ಇವರಿಗೆ ಸಿಕ್ಕ ಗುರುತು ಪ್ರೀತಿ ಸತ್ತದ್ದರ ಸಾಕ್ಷಿ.

‘ಇಷ್ಟೆಲ್ಲಾ ಬೈದಿದ್ ಕೇಳಿಸ್ಕಂಡ್ ಮೇಲೂ ಯಾಕ್ ಒಟ್ಟಿಗಿರ್ತಾರೆ?’ ಎಂದು ಶಿರಾದ ಗೆಳೆಯ ಪಟ್ಟುಹಿಡಿದು ಕೇಳಿದ. ಕೊನೆಯಲ್ಲಿ ಮನೆಬಾಗಿಲಾಚೆಯ ಕಾರಿಡಾರಿನಲ್ಲಿ ನಿಂತು ಕ್ಲೆಮೆಂಟೈನ್ ಮುಂದಾಗುವುದನ್ನೆಲ್ಲ ಹೇಳಿಬಿಡುತ್ತಾಳೆ: ನಿನಗೆ ನನ್ನಲ್ಲಿ ಹಿಡಿಸದ್ದು ಕಾಣುತ್ತದೆ, ನನಗೆ ಬೇಸರ ಬರುತ್ತದೆ, ಉಸಿರು ಕಟ್ಟುತ್ತದೆ. ಜೋಯೆಲ್ ಸರಿ ಎನ್ನುತ್ತಾನೆ. ಸಾಮಾನ್ಯವಾಗಿ ಪ್ರೇಮಿಗಳು ಒಪ್ಪಿಕೊಳ್ಳುವಾಗ ಮುಂದಿನ ಕಹಿ ಗೊತ್ತಿರುವುದಿಲ್ಲ, ಇವರಿಗೆ ತಮ್ಮ ಬಾಯಿಂದಲೇ ಗೊತ್ತಾಗಿದೆ. ಹಾಗಾಗಿ ಆ ‘ಸರಿ’ಯನ್ನು ನಾನು ದುರ್ಬಲರ ಮಾತಾಗಿ ಓದುವುದಿಲ್ಲ. ಗೆಳೆಯ ಇನ್ನೂ ಒಪ್ಪಿಲ್ಲ, ಮತ್ತೆ ಅದೇ ಸುತ್ತು ಹೊಡೆಯುತ್ತಾರೆ ಎನ್ನುತ್ತಾನೆ. ಅವನ ವಾದಕ್ಕೂ ಚಿತ್ರದಲ್ಲಿ ಆಧಾರವಿದೆ: ಅಳಿಸಿಕೊಂಡ ಮೇಲೂ ಮೇರಿ ಮತ್ತೆ ಮನಸೋತದ್ದು ಅದೇ ಡಾಕ್ಟರಿಗೆ. ಎರಡನೆಯ ಸಲ ನೋಡುವಾಗ ಮೇರಿಯ ದೃಶ್ಯಗಳನ್ನಷ್ಟೇ ಬೇರೆಯಾಗಿ ಗುರುತು ಹಾಕಿಕೊಂಡು ಬನ್ನಿ, ಈ ವಾದವನ್ನು ಮುಂದುವರಿಸುವುದಿದ್ದರೆ ಅಲ್ಲಿಂದಲೇ ಹಿಡಿಯಬೇಕು.